ರೋಮ್‌ನಲ್ಲಿ ಅಮ್ಮನಿಗೆ ಸಿಕ್ಕ ಕಣಗಿಲೆ

ರೋಮ್‌ಗೆ ಹೋದವರೆಲ್ಲ ಕೊಲೋಸಿಯಂ ನೋಡುತ್ತಾರೆ, ನಾವೂ ನೋಡಿದೆವು. ಆದರೆ ಊರಿಗೆ ಬಂದ ಮೇಲೂ ಅಮ್ಮನ ಬಾಯಲ್ಲಿ ಇರುವುದು ಒಂದು ತೋಟ. ಗೋಡೆ ಮೇಲೆ ಬರೆದ ತೋಟ.

ಟರ್ಮಿನಿ ರೈಲು ನಿಲ್ದಾಣದ ಪಕ್ಕದಲ್ಲೇ ಪಲಾಝೋ ಮಾಸ್ಸಿಮೋ ಅಂತ ಮ್ಯೂಸಿಯಂ ಇದೆ. ಅಮ್ಮನಿಗೆ ಮಂಡಿ ನೋವು ಜಾಸ್ತಿಯಾಗಿತ್ತು, ಇನ್ನೊಂದು ದಿನ ಬಿಸಿಲಲ್ಲಿ ಕ್ಯೂ ನಿಲ್ಲೋದು ಬೇಡ ಅಂತ ಅಲ್ಲಿಗೆ ಹೋದೆವು. ಜನ ಕಡಿಮೆ, ಒಳಗೆ ತಂಪು.

ಕೆಳಗೆ ಕಂಚಿನ ಮುಷ್ಟಿಮಲ್ಲ ಕೂತಿದ್ದಾನೆ. 1885ರಲ್ಲಿ ಕ್ವಿರಿನಾಲ್ ಗುಡ್ಡದಲ್ಲಿ ಅಗೆಯುವಾಗ ಸಿಕ್ಕ ಮೂರ್ತಿ. ಮಾಡಿದ ಕೈ ಗ್ರೀಕರದು, ತಂದಿಟ್ಟುಕೊಂಡವರು ರೋಮನ್ನರು. ಮುಖದ ಗಾಯಗಳಲ್ಲಿ ರಕ್ತ ಕಾಣಲಿ ಅಂತ ಕೆಂಪು ತಾಮ್ರ ಕೂರಿಸಿದ್ದಾರೆ. "ಪಾಪ, ಎಷ್ಟು ಹೊಡೆಸಿಕೊಂಡಿದಾನೋ" ಅಂತ ಅಮ್ಮ ಅವನ ಮುಂದೆ ತುಂಬಾ ಹೊತ್ತು ನಿಂತರು.

ಮೇಲಿನ ಮಹಡಿಯಲ್ಲಿ ಒಂದು ಕೋಣೆ. ಒಳಗೆ ಕಾಲಿಟ್ಟರೆ ನಾಲ್ಕೂ ಗೋಡೆ ತೋಟ. ಮೊದಲ ಚಕ್ರವರ್ತಿ ಅಗಸ್ಟಸ್‌ನ ಹೆಂಡತಿ ಲಿವಿಯಾಳಿಗೆ ರೋಮ್‌ನ ಉತ್ತರಕ್ಕೆ ಪ್ರಿಮಾ ಪೋರ್ಟಾದಲ್ಲಿ ಒಂದು ಮನೆ ಇತ್ತು. ಅಲ್ಲಿ ಅರ್ಧ ನೆಲದೊಳಗೆ ಇದ್ದ ಕೋಣೆಯ ಗೋಡೆಗಳು ಇವು, ಬೇಸಿಗೆಯಲ್ಲಿ ತಂಪಾಗಿ ಒರಗಿ ಊಟ ಮಾಡೋದಕ್ಕೆ ಅಂತ ಕಟ್ಟಿಸಿದ್ದಿರಬೇಕು ಅನ್ನುತ್ತಾರೆ. 1863ರಲ್ಲಿ ಸಿಕ್ಕಿತು. ಹಾಳಾಗಬಾರದು ಅಂತ 1951-52ರಲ್ಲಿ ಚಿತ್ರವನ್ನು ಗೋಡೆಯಿಂದ ಬಿಡಿಸಿ ತಂದರು. ಎರಡು ಸಾವಿರ ವರ್ಷದ ಚಿತ್ರ ಅಂತ ನಂಬೋಕೇ ಆಗಲ್ಲ.

"ಏ ಮಗಾ, ಇದು ಕಣಗಿಲೆ ಅಲ್ವಾ?" ಅಂದರು ಅಮ್ಮ. ಹೌದು, ಕಣಗಿಲೆಯೇ. ಆಮೇಲೆ ದಾಳಿಂಬೆ ಹುಡುಕಿದರು, ಗಸಗಸೆ ಹೂ ಹುಡುಕಿದರು, ಗುಲಾಬಿ ಹುಡುಕಿದರು. ಮುಂದೆ ಬಿದಿರು ತಟ್ಟಿಯಂಥ ಒಂದು ಚಿಕ್ಕ ಬೇಲಿ, ಹುಲ್ಲಿನ ದಾರಿ, ಅದರಾಚೆ ಅಮೃತಶಿಲೆಯ ಗಿಡ್ಡ ಗೋಡೆ, ಗೋಡೆ ದಾಟಿದರೆ ಮರಗಳೋ ಮರಗಳು. ಹತ್ತಿರದ ಎಲೆ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತದೆ, ದೂರದ್ದು ಮಂಜಿನಲ್ಲಿ ಕರಗಿದ ಹಾಗೆ ನೀಲಿಯಾಗುತ್ತಾ ಹೋಗುತ್ತದೆ. ಬೇರೆ ಬೇರೆ ಕಾಲದ ಹೂ, ಹಣ್ಣು ಎಲ್ಲ ಒಟ್ಟಿಗೇ ಇವೆ. ಮನುಷ್ಯರು ಒಬ್ಬರೂ ಇಲ್ಲ. ಎಲ್ಲ ಕಡೆ ಹಕ್ಕಿಗಳು ಹಾರಾಡಿಕೊಂಡಿವೆ, ಒಂದು ಮಾತ್ರ ಗಿಡ್ಡ ಗೋಡೆಯ ಮೇಲಿಟ್ಟ ಪಂಜರದಲ್ಲಿದೆ. ಅದನ್ನು ನೋಡಿ ನನಗೆ ಹೊಟ್ಟೆಯಲ್ಲಿ ಏನೋ ಆಯಿತು.

ಬಣ್ಣ ಇಷ್ಟು ವರ್ಷ ಹೇಗೆ ಉಳಿಯಿತು ಅಂತ ಅಮ್ಮ ಕೇಳಿದರು. ಹಸಿ ಗಾರೆಯ ಮೇಲೇ ಬಣ್ಣ ಹಚ್ಚುತ್ತಿದ್ದರು, ಸುಣ್ಣ ಗಾಳಿ ಕುಡಿದು ಗಟ್ಟಿಯಾಗುವಾಗ ಬಣ್ಣವೂ ಅದರ ಜೊತೆ ಕಲ್ಲಾಗುತ್ತದೆ ಅಂತ ಹೇಳಿದೆ. ಅಂದರೆ ಗಾರೆ ಒಣಗುವ ಮೊದಲೇ ಆ ದಿನದ ಕೆಲಸ ಮುಗಿಯಬೇಕು. ಗಾರೆ ಕೆಲಸ ಅಂದರೆ ಅಮ್ಮನಿಗೆ ಗೊತ್ತು, ತವರುಮನೆ ಗಾರೆ ಗೋಡೆಯದ್ದೇ. "ಹಾಗಾದ್ರೆ ಬರೆದೋರಿಗೆ ಎಷ್ಟು ಅವಸರ ಇದ್ದಿರಬೇಕು, ನೋಡಿದ್ರೆ ಅವಸರನೇ ಕಾಣಲ್ಲ" ಅಂದರು. ರೋಮನ್ ಕಲೆ ಬಗ್ಗೆ ನಾನು ಕೇಳಿದ ಅತ್ಯಂತ ಒಳ್ಳೆಯ ಮಾತು ಅದು. ಬರೆದವರ ಹೆಸರು ಎಲ್ಲೂ ಇಲ್ಲ.

ಆ ಕೋಣೆಯ ದೀಪಗಳು ನಿಧಾನವಾಗಿ ಬದಲಾಗುತ್ತವೆ, ಬೆಳಗಿನಿಂದ ಸಂಜೆಯ ತನಕದ ಬೆಳಕಿನ ಹಾಗೆ. ನಾವು ಎಷ್ಟು ಸಂಜೆ ನೋಡಿದೆವೋ ಲೆಕ್ಕ ಇಡಲಿಲ್ಲ.

ಮಾರನೇ ದಿನ ವ್ಯಾಟಿಕನ್‌ನಲ್ಲಿ ಅಗಸ್ಟಸ್‌ನ ದೊಡ್ಡ ಮೂರ್ತಿ ನೋಡಿದೆವು. ಅದೂ 1863ರಲ್ಲಿ ಅದೇ ಮನೆಯಲ್ಲಿ ಸಿಕ್ಕಿದ್ದು. ಎದೆಗೆ ಕವಚ, ಕೈ ಮೇಲೆತ್ತಿ ಸೈನ್ಯಕ್ಕೆ ಮಾತಾಡುವ ಭಂಗಿ. ಅಮ್ಮ ಕೆಳಗೆ ನೋಡುತ್ತಿದ್ದರು.

"ಬರಿಗಾಲು ನೋಡು. ಈಗಷ್ಟೇ ತೋಟದಿಂದ ಎದ್ದು ಬಂದ ಹಾಗಿದೆ."