ಪೆರ್ಲದ ಕೌಂಟರಿಗೆ ಒಂದು ಕ್ಯೂ

ಅಡಿಕೆ ವ್ಯಾಪಾರಿಯೊಬ್ಬರ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸ ನನ್ನದು. ಮುಖ್ಯ ಕಚೇರಿ ಕಾಸರಗೋಡು ಪೇಟೆಯಲ್ಲಿ. ಖರೀದಿ ಕೌಂಟರುಗಳು ಪೆರ್ಲ, ಬದಿಯಡ್ಕ, ಮುಳ್ಳೇರಿಯದಲ್ಲಿ. ಅಡಿಕೆ ತೂಗಿ ಸೇವ್ ಒತ್ತಿದರೆ ವಿವರವೆಲ್ಲ ಸೋಪ್ ವೆಬ್ ಸರ್ವಿಸ್ ಮೂಲಕ, ಅಂದರೆ ಎಕ್ಸ್‌ಎಂಎಲ್ ಎಂಬ ರೀತಿಯಲ್ಲಿ ಬರೆದ ಲಕೋಟೆಯಾಗಿ, ಪೇಟೆಯ ಸರ್ವರಿಗೆ ಹೋಗುತ್ತಿತ್ತು. ಸರ್ವರ್ ಆ ಹೊತ್ತಿನ ದರ ನೋಡಿ, ಲೆಕ್ಕ ಹಾಕಿ, ಬಿಲ್ ನಂಬ್ರ ಕೊಟ್ಟು ವಾಪಸ್ ಕಳಿಸುತ್ತಿತ್ತು. ಲೈನ್ ಇದ್ದರೆ ಎಲ್ಲ ಸಲೀಸು.

ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಲೈನ್ ಇರುವುದಿಲ್ಲ. ಎಲ್ಲೋ ಮರ ಬಿದ್ದು ಕೇಬಲ್ ತುಂಡಾಗಿರುತ್ತದೆ, ಇಲ್ಲವೇ ಕರೆಂಟ್ ಹೋಗಿ ಟವರ್ ಮಲಗಿರುತ್ತದೆ. ಕೃಷಿಕರು ಗೋಣಿ ಇಳಿಸಿ, ಜೀಪಿನವನನ್ನು ಕಾಯಿಸಿಕೊಂಡು ನಿಂತಿರುತ್ತಾರೆ. ಪೆರ್ಲದಲ್ಲಿ ಲೆಕ್ಕ ಬರೆಯುವ ರೈಟ್ರು ಕೈಯಲ್ಲೇ ಚೀಟಿ ಬರೆದುಕೊಟ್ಟು, ರಾತ್ರಿ ಕೂತು ಎಲ್ಲವನ್ನೂ ಟೈಪ್ ಮಾಡುತ್ತಿದ್ದರು. ಇದಕ್ಕೇನಾದರೂ ಮಾಡಿ ಎಂದು ಧಣಿಗಳು ಹೇಳಿದ ಮೇಲೆ, ಕೌಂಟರಿಗೂ ಸರ್ವರಿಗೂ ನಡುವೆ ಮೆಸೇಜ್ ಕ್ಯೂ ಇಡುವುದು ಎಂದಾಯಿತು. ಒಂದು ಭಾನುವಾರ ಕೌಂಟರ್ ಮುಚ್ಚಿದ್ದಾಗ ಪೆರ್ಲಕ್ಕೆ ಹೋದೆ. ಬೀಗದ ಕೈ ರೈಟ್ರ ಹತ್ತಿರ ಇದ್ದುದರಿಂದ ಅವರೂ ಬಂದರು. ಬಂದದ್ದು ಒಳ್ಳೆಯದೇ ಆಯಿತು.

ಕ್ಯೂ ಅಂದರೆ ಅಂಚೆ ಡಬ್ಬಿಯ ಹಾಗೆ. ಹಾಕಿದವರು ಹೋಗಬಹುದು, ತೆಗೆಯುವವರು ಆಮೇಲೆ ಬರಬಹುದು. ಆದರೆ ಆ ಡಬ್ಬಿ ಎಲ್ಲಿರಬೇಕು? ಕ್ಯೂ ಸರ್ವರನ್ನು ಪೇಟೆಯಲ್ಲಿ ಮಾತ್ರ ಇಟ್ಟರೆ, ಲೈನ್ ಹೋದಾಗ ಪೆರ್ಲದಿಂದ ಅದಕ್ಕೆ ಹಾಕುವುದೂ ಆಗುವುದಿಲ್ಲ. ಹಾಗಾಗಿ ಕೌಂಟರಿನ ಕಂಪ್ಯೂಟರಿನಲ್ಲೇ ಆಕ್ಟಿವ್‌ಎಂಕ್ಯೂ ಎಂಬ ಕ್ಯೂ ಸರ್ವರ್ ಒಂದನ್ನು ಹಾಕಿದೆ, ಪೇಟೆಯಲ್ಲಿ ಇನ್ನೊಂದು. ಎರಡರ ನಡುವೆ ಸಂದೇಶ ದಾಟಿಸುವ ನೆಟ್‌ವರ್ಕ್ ಕನೆಕ್ಟರ್. ಲೈನ್ ಇಲ್ಲದಾಗ ಸಂದೇಶ ಪೆರ್ಲದ ಹಾರ್ಡ್ ಡಿಸ್ಕಿನಲ್ಲೇ ಇರುತ್ತದೆ, ಬಂದಾಗ ತಾನಾಗಿ ಹೋಗುತ್ತದೆ. ಪೆರ್ಲದ ಇಂಟರ್‌ನೆಟ್‌ಗೆ ಹೊರಗಿನಿಂದ ತಲುಪುವ ವಿಳಾಸ ಇಲ್ಲ. ಆದ್ದರಿಂದ ಕನೆಕ್ಟರನ್ನು ಡ್ಯುಪ್ಲೆಕ್ಸ್ ಮಾಡಿದೆ. ಪೆರ್ಲವೇ ಪೇಟೆಯ 61616 ಪೋರ್ಟಿಗೆ ಕರೆ ಮಾಡುತ್ತದೆ, ಉತ್ತರವೂ ಅದೇ ದಾರಿಯಲ್ಲಿ ಬರುತ್ತದೆ.

ಸರ್ವರಿನ ಕಡೆ ಹೆಚ್ಚು ಕೆಲಸ ಇರಲಿಲ್ಲ. ಅದು ವೆಬ್ ಸರ್ವಿಸ್ ನಡೆಸುವ ಹಳೆಯ ತಂತ್ರಾಂಶ, ಅಪಾಚೆ ಆಕ್ಸಿಸ್2. ಕ್ಯೂವಿನ ಜಾರ್ ಫೈಲುಗಳನ್ನು ಅದರ ಲಿಬ್ ಫೋಲ್ಡರಿಗೆ ಹಾಕಿ, ಸೆಟ್ಟಿಂಗ್ ಫೈಲಿನಲ್ಲಿ ಜೆಎಂಎಸ್ (ಜಾವಾದಲ್ಲಿ ಕ್ಯೂ ಬಳಸುವ ವ್ಯವಸ್ಥೆ) ರಿಸೀವರನ್ನು ಚಾಲೂ ಮಾಡಿ, ಕ್ಯೂವಿನ ಹೆಸರು ಬರೆದುಕೊಟ್ಟರೆ ಅದೇ ಸರ್ವಿಸ್ ಮೊದಲಿನ ದಾರಿಯಾದ ಎಚ್‌ಟಿಟಿಪಿಯಲ್ಲೂ ಕೇಳುತ್ತದೆ, ಕ್ಯೂವಿನಲ್ಲೂ ಕೇಳುತ್ತದೆ. ಒಳಗಿನ ಎಕ್ಸ್‌ಎಂಎಲ್ ಲಕೋಟೆ ಬದಲಾಗುವುದಿಲ್ಲ. ಸೋಪ್ ಮಾಡಿದವರು ಸಾಗಿಸುವ ದಾರಿಯನ್ನು ಬೇರೆಯಾಗಿಯೇ ಇಟ್ಟದ್ದು ಇದಕ್ಕೇ. ಈಗ ಸೋಪ್ ಅಂದರೆ ಹಳೆಯ ಕಾಲದ್ದೆಂದು ಹುಡುಗರು ನಗುತ್ತಾರೆ, ನಗಲಿ.

ಮೊದಲ ಸಂದೇಶ ಹೋಯಿತು, 'ಆಪರೇಷನ್ ಸಿಗಲಿಲ್ಲ' ಎಂಬ ಉತ್ತರ ಬಂತು. ಎಚ್‌ಟಿಟಿಪಿಯಲ್ಲಿ ಯಾವ ಕೆಲಸ ಆಗಬೇಕು ಎಂಬುದು ಸೋಪ್‌ಆ್ಯಕ್ಷನ್ ಎಂಬ ಹೆಡರಿನಲ್ಲಿ ಹೋಗುತ್ತದೆ. ಕ್ಯೂವಿನಲ್ಲಿ ಎಚ್‌ಟಿಟಿಪಿ ಹೆಡರೇ ಇಲ್ಲ. ಅದನ್ನು ಸಂದೇಶದ ಪ್ರಾಪರ್ಟಿಯಾಗಿ ಅಂಟಿಸಬೇಕು. ಇದಕ್ಕೆ ಯಾವ ಹೆಸರು ಇಡಬೇಕು ಎಂದು ವೆಬ್ಬಿನ ನಿಯಮಗಳನ್ನು ಮಾಡುವ ಡಬ್ಲ್ಯು3ಸಿ ಸಂಸ್ಥೆ 2012ರ ಫೆಬ್ರವರಿಯಲ್ಲಿ ಶಿಫಾರಸು ಕೊಟ್ಟಿದೆ. ನಮ್ಮ ಆವೃತ್ತಿ ನೋಡುತ್ತಿದ್ದ ಹೆಸರು ಬೇರೆ. ಅದನ್ನೇ ಕೊಟ್ಟ ಮೇಲೆ ಕೆಲಸ ಆಯಿತು.

ಆಮೇಲೆ ಕೃಷಿಕರ ಹೆಸರೆಲ್ಲ ಪ್ರಶ್ನೆ ಚಿಹ್ನೆಗಳಾಗಿ ಬಂದವು. ನಮ್ಮಲ್ಲಿ ಒಂದೇ ಪಟ್ಟಿಯಲ್ಲಿ ಕನ್ನಡದ ಹೆಸರೂ ಇರುತ್ತದೆ, ಮಲಯಾಳದ್ದೂ ಇರುತ್ತದೆ. ಹಳೆಯ ಜಾವಾದಲ್ಲಿ ಅಕ್ಷರಗಳನ್ನು ಬೈಟುಗಳಾಗಿ ಮಾಡುವಾಗ, ಎಲ್ಲ ಭಾಷೆಯ ಅಕ್ಷರಗಳಿಗೂ ಜಾಗವಿರುವ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳದಿದ್ದರೆ ಅದು ವಿಂಡೋಸಿನ ಅಭ್ಯಾಸವನ್ನೇ ಹಿಡಿಯುತ್ತದೆ. ಜಾವಾ 18ರಿಂದ ಈ ತಾಪತ್ರಯ ಇಲ್ಲ. ನಮ್ಮದು 18 ಅಲ್ಲ.

ಇಷ್ಟು ಊಟದ ಹೊತ್ತಿಗೆ ಮುಗಿಯಿತು. ನಿಜವಾದ ಕೆಲಸ ಊಟದ ಮೇಲೆ ಶುರುವಾಯಿತು. ಕೇಬಲ್ ಎಳೆದು, "ಈಗ ಒಂದು ಬಿಲ್ ಹಾಕಿ ರೈಟ್ರೇ" ಎಂದೆ. ಅವರು ತೂಕ ಬರೆದು ಸೇವ್ ಒತ್ತಿದರು. 'ಕ್ಯೂವಿಗೆ ಸೇರಿತು' ಎಂದು ಬಂತು.

"ನಂಬ್ರ ಎಲ್ಲಿ?" ಎಂದು ಕೇಳಿದರು.

"ಲೈನ್ ಬಂದ ಮೇಲೆ ಸರ್ವರ್ ಕೊಡ್ತದೆ."

"ಎಂತ ಮಾರಾಯ್ರೆ, ನಂಬ್ರ ಇಲ್ಲದ ಚೀಟಿ ಹಿಡ್ಕೊಂಡು ಯಾರು ಮನೆಗೆ ಹೋಗ್ತಾರೆ?"

ಸರಿಯಾದ ಮಾತು. ವೆಬ್ ಸರ್ವಿಸ್ ಅಂದರೆ ಕೇಳಿದ ಕೂಡಲೇ ಉತ್ತರ. ಆ ಉತ್ತರವನ್ನು ನಂಬಿಕೊಂಡು ನಂಬ್ರ ಕೊಡುವ ಅಧಿಕಾರವನ್ನೆಲ್ಲ ಪೇಟೆಯಲ್ಲಿ ಇಟ್ಟಿದ್ದೆವು. ಉತ್ತರ ಯಾವಾಗಲೋ ಬರುತ್ತದೆ ಎಂದಾದರೆ ಅಧಿಕಾರವೂ ಕೌಂಟರಿಗೇ ಬರಬೇಕು. ಪ್ರತಿ ಕೌಂಟರಿಗೂ ಬೇರೆ ಸರಣಿ ಮಾಡಿದೆವು. ಪೆರ್ಲದ್ದು 'ಪೆ' ಎಂದು ಶುರುವಾಗುತ್ತದೆ, ಮುಳ್ಳೇರಿಯದ್ದು 'ಮು'. ಇದರಿಂದ ಇನ್ನೊಂದು ಲಾಭವೂ ಆಯಿತು. ಇಂಥ ಏರ್ಪಾಡಿನಲ್ಲಿ ಲೈನ್ ಕಡಿದು ಕೂಡುವಾಗ ಒಂದೇ ಸಂದೇಶ ಎರಡು ಸಲ ತಲುಪುವುದುಂಟು. ನಂಬ್ರ ಮೊದಲೇ ಇದ್ದರೆ ಡೇಟಾಬೇಸ್ ಎರಡನೆಯದನ್ನು ಸೇರಿಸುವುದಿಲ್ಲ, ಸರ್ವರ್ ಸುಮ್ನೆ ಹಳೆಯ ಉತ್ತರವನ್ನೇ ಮತ್ತೆ ಕಳಿಸುತ್ತದೆ.

ಮತ್ತೆ ದರದ ವಿಷಯ. ಇದನ್ನೂ ಎತ್ತಿದವರು ರೈಟ್ರೇ. ಚಾಲಿ ಹೊಸತು, ಹಳತು, ಪಟೋರ, ಕರಿಗೋಟು, ಹೀಗೆ ಅಡಿಕೆಯಲ್ಲಿ ಬೇರೆ ಬೇರೆ ಬಗೆ, ಒಂದೊಂದಕ್ಕೂ ಒಂದೊಂದು ದರ, ಒಂದೇ ದಿನದಲ್ಲಿ ಬದಲಾಗುವುದೂ ಇದೆ. ಬೆಳಿಗ್ಗೆ ತೂಗಿದ ಅಡಿಕೆಯ ಬಿಲ್ ಸಂಜೆ ಪೇಟೆಗೆ ತಲುಪಿದರೆ ಸರ್ವರ್ ಸಂಜೆಯ ದರ ಹಾಕುತ್ತದೆ. ಚೀಟಿಯಲ್ಲಿ ಒಂದು ಮೊತ್ತ, ಪೇಟೆಯ ಲೆಕ್ಕದಲ್ಲಿ ಇನ್ನೊಂದು! ಇದಕ್ಕಾಗಿ ಲಕೋಟೆಯೊಳಗಿನ ಎಕ್ಸ್‌ಎಂಎಲ್ಲನ್ನೇ ಬದಲಿಸಬೇಕಾಯಿತು. ತೂಗಿದ ಹೊತ್ತು, ಆಗ ಕೌಂಟರಿನಲ್ಲಿದ್ದ ದರ, ಎರಡನ್ನೂ ಅದರಲ್ಲೇ ಬರೆದು ಕಳಿಸುವುದು. ಪೇಟೆಯಲ್ಲಿ ದರ ಬದಲಾದಾಗ ಆ ಕಡೆಯಿಂದ ಇನ್ನೊಂದು ಕ್ಯೂವಿನಲ್ಲಿ ಕೌಂಟರಿಗೆ ಬರುತ್ತದೆ. ಅದು ತಲುಪುವವರೆಗೆ ಹಳೆಯ ದರವೇ ದರ. ನಷ್ಟವಾದರೆ? ಧಣಿಗಳಿಗೆ ಫೋನ್ ಮಾಡಿದೆವು. ಸ್ವಲ್ಪ ಯೋಚಿಸಿ, "ಕೃಷಿಕರಿಗೆ ಹೇಳಿದ ದರ ಹೇಳಿದ್ದೇ" ಎಂದರು. ಪ್ರೋಗ್ರಾಮಿನಲ್ಲಿ ತೀರ್ಮಾನ ಮಾಡಲಾಗದ ವಿಷಯ ಇದು, ಅಲ್ವಾ? ನಾನೇ ಏನೋ ಒಂದು ಬರೆದು ಬಿಡುತ್ತಿದ್ದರೆ ಯಾರೂ ಕೇಳುತ್ತಲೂ ಇರಲಿಲ್ಲ.

ಮಳೆ ಜಾಸ್ತಿಯಾಗುತ್ತಿತ್ತು. ಒಬ್ಬರ ಅಂಗಡಿಯ ಹೆಸರಿನಲ್ಲಿ 'ಆ್ಯಂಡ್' ಚಿಹ್ನೆ (&) ಇತ್ತು. ಎಕ್ಸ್‌ಎಂಎಲ್ಲಿನಲ್ಲಿ ಅದನ್ನು ನೇರವಾಗಿ ಬರೆಯುವಂತಿಲ್ಲ. ಕೌಂಟರಿನ ಹಳೆಯ ಪ್ರೋಗ್ರಾಮ್ ಅದನ್ನು ಹಾಗೇ ಎಕ್ಸ್‌ಎಂಎಲ್ಲಿಗೆ ತುರುಕಿ ಕಳಿಸಿತು. ಎಚ್‌ಟಿಟಿಪಿಯಾಗಿದ್ದರೆ ತಪ್ಪು ಅಲ್ಲೇ ಪರದೆ ಮೇಲೆ ಬರುತ್ತಿತ್ತು. ಇಲ್ಲಿ ಕ್ಯೂ ಆರು ಸಲ ಮತ್ತೆ ಮತ್ತೆ ಕೊಟ್ಟು ನೋಡಿ, ಆಗದೆ, ತಲುಪದ ಸಂದೇಶಗಳನ್ನು ಹಾಕುವ ಡೆಡ್ ಲೆಟರ್ ಕ್ಯೂವಿಗೆ ಎಸೆದು ಸುಮ್ಮನಾಯಿತು. ಪೆರ್ಲದವರಿಗೆ ಬಿಲ್ ಹೋಗಿದೆ ಎಂದೇ ಲೆಕ್ಕ. ಚಿಹ್ನೆಯನ್ನು ಸರಿಮಾಡುವುದು ಒಂದು ಸಾಲಿನ ಕೆಲಸ. ಆದರೆ ರೈಟ್ರಿಗೆ ಸಮಾಧಾನ ಆಗಲಿಲ್ಲ. ಹೋಗದ ಚೀಟಿ ಎಷ್ಟು, ತಿರಸ್ಕಾರ ಆದದ್ದು ಎಷ್ಟು, ಎರಡೂ ಯಾವಾಗಲೂ ಕಣ್ಣೆದುರು ಇರಬೇಕು ಎಂದರು. ಆಕ್ಟಿವ್‌ಎಂಕ್ಯೂಗೆ 8161 ಪೋರ್ಟಿನಲ್ಲಿ ಅದರದ್ದೇ ಪುಟ ಇದೆ, ಬಾಕಿ ಇರುವ ಸಂದೇಶಗಳ ಲೆಕ್ಕ ಅಲ್ಲಿ ಸಿಗುತ್ತದೆ ಎಂದು ತೋರಿಸಿದೆ. "ಅದನ್ನೆಲ್ಲ ನೋಡ್ಲಿಕ್ಕೆ ನನಗೆ ಪುರುಸೊತ್ತಿಲ್ಲ, ಬಿಲ್ಲಿನ ಮೇಲೆಯೇ ಕಾಣಬೇಕು" ಎಂದರು. ಆ ಎರಡು ಅಂಕಿಗಳನ್ನು ಬಿಲ್ಲಿಂಗ್ ಪರದೆಯ ಮೂಲೆಗೆ ತಂದು ಹಾಕಿದೆ.

ಮಾರನೆ ವಾರ ಬದಿಯಡ್ಕಕ್ಕೂ ಮುಳ್ಳೇರಿಯಕ್ಕೂ ಇದನ್ನೇ ಹಾಕಿದೆವು. ಹಣ ಕೊಡುವ ಸರ್ವಿಸನ್ನು ಮಾತ್ರ ಮುಟ್ಟಲಿಲ್ಲ. ಅದು ಈಗಲೂ ಎಚ್‌ಟಿಟಿಪಿಯಲ್ಲೇ ಇದೆ. ಲೈನ್ ಇಲ್ಲದಿದ್ದರೆ ಚೀಟಿ ಸಿಗುತ್ತದೆ, ದುಡ್ಡು ಸಿಗುವುದಿಲ್ಲ. ಅದನ್ನೂ ಕ್ಯೂವಿಗೆ ಹಾಕಬಹುದಲ್ಲ ಎಂದು ಧಣಿಗಳು ಆಗಾಗ ಕೇಳುತ್ತಾರೆ. ಬೇಡ ಎಂದು ನಾನೂ ರೈಟ್ರೂ ಒಟ್ಟಿಗೇ ಹೇಳುತ್ತೇವೆ.