ಬೂತಾಯಿ, ತಾರ್ಲೆ ಮತ್ತು ನನ್ನ ಸೈಟೇಶನ್

ಸಂಪಾದಕ ಮಂಡಳಿಯವರು ಎರಡು ವಿಷಯ ಕೇಳಿದ್ದರು. ಕಾಲೇಜಿನ ನೆನಪು ಬರೆದುಕೊಡಿ, ಜೊತೆಗೆ ನಿಮ್ಮ ಪ್ರಕಟಣೆ ಎಷ್ಟು, ಸೈಟೇಶನ್ ಎಷ್ಟು, ಅಂದರೆ ಬೇರೆ ಲೇಖನಗಳಲ್ಲಿ ಅವುಗಳ ಉಲ್ಲೇಖ ಎಷ್ಟು ಸಲ ಬಂದಿದೆ, ತಿಳಿಸಿ ಅಂತ. ಬೇರೆ ಬೇರೆಯಾಗಿ ಬರೆಯೋಣ ಅಂದುಕೊಂಡು ಕೂತೆ. ಎರಡೂ ಮಲ್ಪೆ ಬಂದರಿಗೇ ಹೋಗಿ ನಿಂತವು.

ನಾನು ಉಡುಪಿಯಲ್ಲಿ ಬಿ.ಎಸ್ಸಿ. ಓದಿದ್ದು 1996ರಿಂದ 1999ರವರೆಗೆ. ಘಟ್ಟದ ಮೇಲಿನ ಹುಡುಗ, ಮೀನಿನ ಹೆಸರೆಲ್ಲ ಹಾಸ್ಟೆಲ್ ಗೆಳೆಯರಿಂದ ಕಲಿತದ್ದು. ಕೊನೆಯ ವರ್ಷ ಪ್ರಾಣಿಶಾಸ್ತ್ರದ ಪ್ರಾಜೆಕ್ಟ್‌ಗೆ 22 ಮೀನುಗಳ ಪಟ್ಟಿ ಮಾಡಿದೆ. ಸರ್ ಒಮ್ಮೆ ಕಣ್ಣಾಡಿಸಿ, "ಇದರಲ್ಲಿ 21 ಉಂಟು ಮಾರಾಯ. ಜಾಸ್ತಿ ಆದದ್ದು ಯಾವುದು ಅಂತ ನಾಳೆ ಬೆಳಿಗ್ಗೆ ಮಲ್ಪೆಯಲ್ಲಿ ಕೇಳು" ಅಂದರು. ಅವರು ಯಾರಿಗೂ ಬೈಯುತ್ತಿರಲಿಲ್ಲ. ಹೀಗೆ ಬಸ್ಸು ಹತ್ತಿಸುತ್ತಿದ್ದರು, ಅಷ್ಟೆ.

ಆರು ಗಂಟೆಗೆ ಹೋದೆ. ಬೋಟುಗಳಿಂದ ಮೀನು ಇಳಿಯುತ್ತಿತ್ತು. ಮಂಜುಗಡ್ಡೆಯ ನೀರು ಚಪ್ಪಲಿಯೊಳಗೆ ಪಚಪಚ. ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಅಕ್ಕನ ಎದುರು ಪಟ್ಟಿ ಓದತೊಡಗಿದೆ. ಬೂತಾಯಿ? ಬುಟ್ಟಿ ತೋರಿಸಿದರು. ತಾರ್ಲೆ? ಮತ್ತೆ ಅದೇ ಬುಟ್ಟಿ. "ರಡ್ಡ್‌ಲಾ ಒಂಜೇ ಮಗಾ", ಎರಡೂ ಒಂದೇ ಮಗಾ, ಅಂತ ನಕ್ಕರು. ತುಳುವಿನವರಿಗೆ ಬೂತಾಯಿ, ಕೊಂಕಣಿಯವರಿಗೆ ತಾರ್ಲೆ, ಪುಸ್ತಕದಲ್ಲಿ ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ತಾರ್ಲೆಯ ಎದುರು ವೈಜ್ಞಾನಿಕ ಹೆಸರಿನ ಜಾಗ ಖಾಲಿ ಬಿಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು.

ಸರ್ ಹತ್ತಿರ ಒಂದು ಉದ್ದನೆಯ ರಿಜಿಸ್ಟರ್ ಇತ್ತು. ಎಡಗಡೆ ನಂಬರು, ಆಮೇಲೆ ವೈಜ್ಞಾನಿಕ ಹೆಸರು, ತುಳು, ಕನ್ನಡ, ಕೊಂಕಣಿ, ಬ್ಯಾರಿ. ಕೊನೆಯ ಕಾಲಂ 'ಹೇಳಿದವರು'. ತಾರ್ಲೆ ಅಂತ ನನ್ನ ಕೈಯಲ್ಲೇ ಬರೆಸಿದರು. ಹೇಳಿದವರು? 'ಮಲ್ಪೆ, ಬುಟ್ಟಿಯ ಅಕ್ಕ' ಅಂತ ಬರೆದೆ. "ಹೆಸರು ಕೇಳಲಿಲ್ವಾ?" ಅಂದರು. ಕೇಳಿರಲಿಲ್ಲ.

ದೂರದಲ್ಲಿ ಅದೇ 1998ರಲ್ಲಿ ಹಣ್ಣುನೊಣ, ಇಲಿ, ಯೀಸ್ಟ್ ಮೂರರ ಜೀನ್‌ಗಳ ಡೇಟಾಬೇಸ್ ನಡೆಸುವವರು ಒಟ್ಟಿಗೆ ಕೂತು ಇದೇ ಬೂತಾಯಿ ಸಮಸ್ಯೆ ಬಿಡಿಸುತ್ತಿದ್ದರು ಅಂತ ಆಗ ನನಗೇನು ಗೊತ್ತು! ಜೀನ್ ಮಾಡುವ ಕೆಲಸ ಒಂದೇ, ಒಬ್ಬೊಬ್ಬರು ಒಂದೊಂದು ಹೆಸರಿಡುತ್ತಿದ್ದರು. ಕಂಪ್ಯೂಟರ್‌ಗೆ ಅವು ಬೇರೆ ಬೇರೆಯೇ. ಅದಕ್ಕೇ ಜೀನ್ ಆಂಟಾಲಜಿ ಅನ್ನುವ ಪದಗಳ ಪಟ್ಟಿ ಮಾಡಿದರು. ಅರ್ಥಕ್ಕೊಂದು ನಂಬರು, ಹೆಸರು ಎಷ್ಟು ಬೇಕಾದರೂ ಇರಲಿ. ಯಾವುದು ಯಾವುದರ ಬಗೆ, ಯಾವುದು ಯಾವುದರ ಭಾಗ ಅಂತಲೂ ಬರೆದಿಡುತ್ತಾರೆ. ಯಾವ ಜೀನ್ ಯಾವ ಕೆಲಸ ಮಾಡುತ್ತದೆ ಅಂತ ಬರೆಯುವಾಗ ಎಲ್ಲಿಂದ ತಿಳಿಯಿತು, ಪುರಾವೆ ಏನು ಅಂತಲೂ ಹೇಳಬೇಕು. ನಮ್ಮ 'ಹೇಳಿದವರು' ಕಾಲಂ!

ನಾನು ಇಂಥ ಪಟ್ಟಿ ಮಾಡುವ ಕೆಲಸಕ್ಕೆ ಸೇರಿದ್ದು ತುಂಬಾ ತಡವಾಗಿ, ರೋಗಲಕ್ಷಣಗಳ ಕಡೆಯಿಂದ. 2008ರಲ್ಲಿ ಶುರುವಾದ, ರೋಗಲಕ್ಷಣಗಳಿಗೆ ನಂಬರು ಕೊಡುವ ಹ್ಯೂಮನ್ ಫಿನೊಟೈಪ್ ಆಂಟಾಲಜಿಯಲ್ಲಿ ಜ್ವರದ ನಂಬರು 0001945. ಡಾಕ್ಟರು ಫೀವರ್ ಅನ್ನಲಿ, ಪೈರೆಕ್ಸಿಯಾ ಅನ್ನಲಿ, ನಂಬರು ಅದೇ. ಅಪರೂಪದ ಕಾಯಿಲೆಯ ಮಗುವಿನ ಲಕ್ಷಣಗಳನ್ನು ಹೀಗೆ ನಂಬರಿನಲ್ಲಿ ಬರೆದರೆ ಇನ್ನೆಲ್ಲೋ ಇರುವ ಅಂಥದೇ ಮಗುವಿನ ವಿವರದ ಜೊತೆ ಹೋಲಿಸಿ ನೋಡಬಹುದು.

ಸರಿ, ಸೈಟೇಶನ್. ನನ್ನ ಹೆಸರಿರುವ ಲೇಖನಗಳು 26, ಎಚ್-ಇಂಡೆಕ್ಸ್ 11. ಇದು ಹಿರ್ಷ್ ಎಂಬ ಭೌತವಿಜ್ಞಾನಿ 2005ರಲ್ಲಿ ಹೇಳಿಕೊಟ್ಟ ಲೆಕ್ಕ. ನನ್ನ 11 ಲೇಖನಗಳನ್ನು ತಲಾ 11 ಸಲವಾದರೂ ಯಾರೋ ಉಲ್ಲೇಖಿಸಿದ್ದಾರೆ ಅಂತ ಅರ್ಥ. ಅತಿ ಹೆಚ್ಚು ಉಲ್ಲೇಖ ಸಿಕ್ಕಿದ್ದು ನಲವತ್ತಕ್ಕೂ ಜಾಸ್ತಿ ಲೇಖಕರಿರುವ ಒಂದು ಲೇಖನಕ್ಕೆ. ಅದರಲ್ಲಿ ನಾನು ಮದುವೆ ಕಾಗದದ ಕೊನೆಯ 'ಬಂಧುಮಿತ್ರರು' ಇದ್ದ ಹಾಗೆ. ಎರಡು ಪದ ನಿಜಕ್ಕೂ ಎರಡೋ, ಒಂದೋ ಅಂತ ಕಂಡುಹಿಡಿಯುವ ಬಗ್ಗೆ ಒಬ್ಬನೇ ಕೂತು ಬರೆದದ್ದು ನನಗೆ ಎಲ್ಲಕ್ಕಿಂತ ಇಷ್ಟ. ಅದಕ್ಕೆ ಸಿಕ್ಕಿದ್ದು 4. ಅದರಲ್ಲಿ ಎರಡು ನಾನೇ ಮಾಡಿಕೊಂಡದ್ದು.

ದಿನದ ಕೆಲಸವಂತೂ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಒಂದು ಪದದ ವಿವರಣೆ ತಿದ್ದುವುದು, ಜೋಡಿ ನಂಬರುಗಳನ್ನು ಒಂದು ಮಾಡುವುದು. ಹಾಗೆ ಮಾಡಿದಾಗ ಹಳೆಯ ನಂಬರನ್ನು ಅಳಿಸುವುದಿಲ್ಲ, ಬೇರೆ ಪದಕ್ಕೆ ಕೊಡುವುದೂ ಇಲ್ಲ. ಹಳೆಯ ವಿಳಾಸಕ್ಕೆ ಬಂದ ಕಾಗದ ಹೊಸ ಮನೆಗೆ ಮುಟ್ಟಬೇಕಲ್ಲ. ಜನ ಫೈಲ್ ಇಳಿಸಿಕೊಂಡು ಬಳಸುತ್ತಾರೆ, ಉಲ್ಲೇಖಿಸಿದರೆ ದೊಡ್ಡ ಲೇಖನವನ್ನು ಉಲ್ಲೇಖಿಸುತ್ತಾರೆ. ಒಂದು ಕಾಲದಲ್ಲಿ ಇದಕ್ಕೆ ಬೇಜಾರು ಮಾಡಿಕೊಳ್ಳುತ್ತಿದ್ದೆ. ಆಗೆಲ್ಲ ಬುಟ್ಟಿಯ ಅಕ್ಕ ನೆನಪಾಗಿ ಸುಮ್ನೆ ಆಗುತ್ತಿದ್ದೆ. ದೂರುವ ಹಕ್ಕು ನನಗೆಲ್ಲಿದೆ?

ನನ್ನ ಲೇಖನಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಕಳಿಸಿದ್ದೇನೆ, ಜಾಗ ಇದ್ದರೆ ಹಾಕಿ. ಸರ್ ರಿಜಿಸ್ಟರ್ ಇನ್ನೂ ವಿಭಾಗದ ಕಪಾಟಿನಲ್ಲಿದೆ ಅಂತ ಕೇಳಿದೆ. ನಾನು ಕಾಲೇಜು ಬಿಡುವಾಗ ಕೊಡ್ಡಾಯಿ ಮೀನಿನ ಎದುರು ಬ್ಯಾರಿ ಹೆಸರಿನ ಜಾಗ ಖಾಲಿ ಇತ್ತು. ಈಗಿನ ಮಕ್ಕಳು ಯಾರಾದರೂ ಮಲ್ಪೆಗೆ ಹೋದರೆ ಕೇಳಿ ತುಂಬಿಸಿ. ಹೇಳಿದವರ ಹೆಸರನ್ನೂ ಕೇಳಿಕೊಂಡು ಬನ್ನಿ.