ಉಪ್ಪಾಗೆ ಕೊನೆಗೂ ಮೊಳೆಯಿತು
ತುಳಸಜ್ಜಿ ಹೆಸರಿನ ಗಿಡಗಳ ಸಾಲಿನಲ್ಲಿ ಹಟ ಹಿಡಿದು ಕೂತಿದ್ದ ಉಪ್ಪಾಗೆ, ಅಂದರೆ ನಮ್ಮ ಬೆಟ್ಟದ ಹುಳಿ ಹಣ್ಣಿನ ಕಾಡುಮರ, ಮೊಳೆತಿದೆ! ಹಲಸು, ನೇರಳೆ, ಮುರುಗಲು, ಬಕುಳ ಎಲ್ಲ ಆಗಲೇ ಕೊಟ್ಟೆ (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ) ಸೇರಿವೆ. ಅವುಗಳ ಕಥೆ ಬಿಡಿ, ಅವು ಹೇಳಿದ ಮಾತು ಕೇಳುವ ಜಾತಿ.

ಈ ಸಾಲು ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡರ ನೆನಪಿಗೆ. 2024ರ ಡಿಸೆಂಬರ್ 16ರಂದು ಅಜ್ಜಿ ತೀರಿಕೊಂಡರು. ಅವರ ಹೆಸರು ಹೇಳಿ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವವರಿಗೆ ಕಮ್ಮಿಯಿಲ್ಲ. ನೆಡುವುದು ಐದು ನಿಮಿಷದ ಕೆಲಸ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸುಮಾರು 35 ವರ್ಷ ದಿನಗೂಲಿಯಾಗಿ, ಆಮೇಲೆ ಕಾಯಂ ಆಗಿ ಅಜ್ಜಿ ಆಯುಷ್ಯ ಸವೆಸಿದ್ದು ಅದಕ್ಕೂ ಮೊದಲಿನ ಕೆಲಸಕ್ಕೆ: ತಾಯಿಮರ ಯಾವುದು, ಬೀಜ ಯಾವಾಗ ಹೆಕ್ಕಬೇಕು, ಯಾವುದನ್ನು ಹೇಗೆ ಹದ ಮಾಡಬೇಕು. ಶಾಲೆ ಮೆಟ್ಟಿಲು ಹತ್ತಿದವರಲ್ಲ. 2021ರಲ್ಲಿ ಬರಿಗಾಲಲ್ಲಿ, ತಮ್ಮ ಹಾಲಕ್ಕಿ ಸಮುದಾಯದ ಉಡುಗೆಯಲ್ಲೇ ಹೋಗಿ ಪದ್ಮಶ್ರೀ ತಂದದ್ದು ಎಲ್ಲರಿಗೂ ಗೊತ್ತು. 1986ರಲ್ಲೇ ವೃಕ್ಷಮಿತ್ರ ಪ್ರಶಸ್ತಿ ಬಂದಿತ್ತು ಅನ್ನುವುದು ಎಷ್ಟು ಜನಕ್ಕೆ ಗೊತ್ತೋ. ಹಾಗಾಗಿ ನಮ್ಮ ಸಾಲಿಗೆ ಒಂದೇ ಕಾನೂನು: ಕೊಂಡ ಸಸಿ ಬೇಡ, ಬೀಜದಿಂದಲೇ ಆಗಬೇಕು.

ಉಪ್ಪಾಗೆ ಬೀಜ ಹಾಗೇ ಊರಿದರೆ 5ರಿಂದ 7 ತಿಂಗಳು ಮಣ್ಣಲ್ಲಿ ಮಲಗಿರುತ್ತದೆ. ಅಷ್ಟರೊಳಗೆ ಇಲಿ, ಇರುವೆ, ಬೂಸ್ಟು ಪಾಳಿಯ ಮೇಲೆ ಊಟ ಮುಗಿಸಿರುತ್ತವೆ. ಮೊದಲ ಕಂತು ಆನ್‌ಲೈನ್‌ನಲ್ಲಿ ತರಿಸಿದ್ದು. ಪ್ಯಾಕೆಟ್ಟಿನ ಮೇಲೆ ಚಂದದ ಲೇಬಲ್ಲು, ಅಲ್ಲಾಡಿಸಿದರೆ ಒಳಗೆ ಗಲಗಲ. ಉಪ್ಪಾಗೆ ಬೀಜ ಒಣಗಿತೆಂದರೆ ಸತ್ತಿತೆಂದೇ ಲೆಕ್ಕ. ಫೋನ್ ಮಾಡಿದರೆ, "ಸಾರ್, ಚೆನ್ನಾಗಿ ಒಣಗಿಸೇ ಕಳಿಸಿದೀವಿ" ಅಂತ ಹೆಮ್ಮೆ ಬೇರೆ! ಬೀಜದಿಂದ ತೆಗೆಯುವ ಉಪ್ಪಾಗೆ ತುಪ್ಪಕ್ಕಾದರೂ ಆಯಿತು ಅಂತ ಅಮ್ಮ ಎತ್ತಿಟ್ಟುಕೊಂಡಳು.

ಎರಡನೇ ಕಂತಿಗೆ ಮಳೆಯಲ್ಲೇ ಬೆಟ್ಟಕ್ಕೆ ಹೋಗಿ, ಉಂಬಳಗಳಿಗೆ ರಕ್ತದಾನ ಮಾಡುತ್ತ, ಚೆನ್ನಾಗಿ ಕಾಯಿ ಬಿಡುವ ಮರದ ಬುಡದಲ್ಲಿ ಹಣ್ಣು ಹೆಕ್ಕಿ ತಂದೆ. ಬೂದಿ ಹಾಕಿ ತಿಕ್ಕಿ ಲೋಳೆ ತೆಗೆದು, ನೆರಳಲ್ಲಿ ಮೇಲ್ತೇವ ಆರುವಷ್ಟೇ ಬಿಟ್ಟೆ. ಹೊರಸಿಪ್ಪೆ ಗರಿಯಾಗಬೇಕು, ಒಳಗು ಹಸಿಯಾಗೇ ಇರಬೇಕು. ಆಮೇಲೆ, ಬೇಗ ಮೊಳೆಯಲೆಂದು, ಸಿಪ್ಪೆ ಸುಲಿಯುವ ಕೆಲಸ. ಅಡಿಕೆ ಕತ್ತಿಗೆ ಬೀಜವೇ ಎರಡು ಹೋಳಾಗುತ್ತದೆ. ಕೈಗೆ ಹೊಂದಿದ್ದು ಉಗುರು ಕತ್ತರಿಸುವ ನೇಲ್ ಕಟರ್: ಅಂಚಿನಲ್ಲೊಂದು ಸಣ್ಣ ಕಚ್ಚು ಹಾಕಿ, ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆ ಕಳಚಿ ಬರುತ್ತದೆ. ಮನೆಯವರು ತಮಗೆ ಬೇರೆ ನೇಲ್ ಕಟರ್ ತಂದುಕೊಂಡಿದ್ದಾರೆ.

ಸುಲಿದ ಬೀಜಕ್ಕೆ ಮುಂದಿನ ಶತ್ರು ಬೂಸ್ಟು. ಕೋಕೋಪಿಟ್ (ತೆಂಗಿನ ನಾರಿನ ಪುಡಿ) ನೀರು ಹಿಡಿದು ಹಿಡಿದು ಅರ್ಧ ಬೀಜ ಕೊಳೆಸಿತು. ತೊಳೆದ ಬರೀ ಮರಳಿಗೆ ಬದಲಾಯಿಸಿದ ಮೇಲೆ ನಿಂತಿತು. ತಿಂಗಳು ಕಳೆದು ಸ್ವಲ್ಪ ದಿನಕ್ಕೆ ಒಂದು ಬೀಜ ಕೆದಕಿ ನೋಡುತ್ತೇನೆ, ಒಂದು ತುದಿಯಲ್ಲಿ ಬೇರು, ಎದುರು ತುದಿಯಲ್ಲಿ ಕೆಂಪು ಛಾಯೆಯ ಚಿಗುರು! ಈ ಜಾತಿಯ ಲಕ್ಷಣವೇ ಹಾಗೆ. ಬೀಜವನ್ನು ನೆಟ್ಟಗೆ ಊರುವುದಕ್ಕಿಂತ ಅಡ್ಡ ಮಲಗಿಸುವುದು ಒಳ್ಳೆಯದು.

ಈಗ ಹೊಸ ತಲೆನೋವು. ಉಪ್ಪಾಗೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಗಿಡದಲ್ಲಿ ಅರ್ಧದಷ್ಟು ಗಂಡೇ, ಹೂ ಬಿಡುವ ತನಕ ತಿಳಿಯುವುದೂ ಇಲ್ಲ. ಕೆಲವಕ್ಕಾದರೂ ಹೆಣ್ಣು ಮರದ ಕಡ್ಡಿ ಕಸಿ ಕಟ್ಟಬೇಕು. ಅದೂ ನೆಟ್ಟಗೆ ಮೇಲೆ ಹೋದ ಚಿಗುರಿನದೇ ಆಗಬೇಕು. ಅಡ್ಡ ಕೊಂಬೆಯದು ಕಟ್ಟಿದರೆ ಗಿಡ ಜನ್ಮವಿಡೀ ಅಡ್ಡಡ್ಡವೇ ಹೋಗುತ್ತದೆ. ನೆಟ್ಟಗಿನ ಚಿಗುರು ಸಿಗುವುದು ತುದಿಯಲ್ಲಿ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡನನ್ನು ಕೇಳಿದರೆ, "ಒಡೆಯಾ, ಅಡಿಕೆ ಮರ ಎಷ್ಟು ಬೇಕಾದ್ರೂ ಹತ್ತುತ್ತೆ, ಇದೊಂದು ಬ್ಯಾಡ" ಅಂದ. ಹಾಗಾಗಿ ಫೈಬರ್ ದೋಟಿಯ ತುದಿಗೆ ಕಡ್ಡಿ ಕೊಯ್ದು ಹಿಡಿದುಕೊಳ್ಳುವಂಥ ಕತ್ತರಿ ಕೂರಿಸುವ ಕೆಲಸ ನಾಡಿದ್ದಿನಿಂದ. ವರ್ಷವೂ ಕಾಯಿ ಬಿಡುವ ಹೆಣ್ಣು ಮರ ನಿಮ್ಮ ಬೆಟ್ಟದಲ್ಲಿದ್ದರೆ ಗುರುತು ಹಾಕಿಟ್ಟಿರಿ, ದೋಟಿ ಹೊತ್ತು ಬರುತ್ತೇನೆ.